ಎರಡು ಜೆಡ್

ಅಂಗಿಯ ಬೆನ್ನಿಗೆ ಹೆಸರು ಹೊಲಿಯುವುದು ನನ್ನ ಕೆಲಸ,
ಟೊಲೆಡೊ ಬೇಸ್‌ಬಾಲ್ ಮೈದಾನದ ಮೆಟ್ಟಿಲ ಕೆಳಗೆ,
ಬಾಯ್ಲರಿನ ಪಕ್ಕದ ಕೋಣೆಯಲ್ಲಿ, ಮೂವತ್ತೊಂದು ವರ್ಷ.
ಆಟ ನಾನು ನೋಡಿದ್ದು ಕಡಿಮೆ.
ಮೇಲೆ ಜನ ಎದ್ದು ನಿಂತರೆ ನನ್ನ ಸೂರಿನಿಂದ ಧೂಳು ಉದುರುತ್ತದೆ,
ಅಷ್ಟರಲ್ಲೇ ಲೆಕ್ಕ ಹಾಕಿಕೊಳ್ಳುತ್ತೇನೆ.

ಗಿಡ್ಡ ಹೆಸರಿನವರು ಬಂದರೆ ನನಗೆ ಹಬ್ಬ.
ಪೋ ಎಂಬವನಿದ್ದ: ಮೂರೇ ಅಕ್ಷರ, ಹತ್ತು ನಿಮಿಷ.
ಲಿಯಾನ್ ಶೆಪಾನ್ಸ್ಕಿಗೆ ಹನ್ನೊಂದು.
ಕರೆಯುವಾಗ ಯಾರ ನಾಲಿಗೆಗೂ ಸಿಗದ ಎರಡು ಜೆಡ್
ಬೆನ್ನ ಮೇಲೆ ಮಾತ್ರ ಬೇಕೇ ಬೇಕು.
ನನ್ನ ಡಬ್ಬಿಯಲ್ಲಿ ಜೆಡ್ ಇರಲಿಲ್ಲ.
ಎರಡು ಎನ್‌ಗಳನ್ನು ಅಡ್ಡ ಮಲಗಿಸಿ ಹೊಲಿದೆ.
ಕನ್ನಡಿಗೆ ಬೆನ್ನು ಕೊಟ್ಟು, ಕತ್ತು ತಿರುಚಿ ನೋಡಿ
"ನಮ್ಮಜ್ಜಿ ಇದ್ದಿದ್ದರೆ ತೋರಿಸಬಹುದಿತ್ತು" ಅಂದ.

ಕ್ಯಾಚರ್ ಅವನು. ಆಟವಿಡೀ ಕುಕ್ಕರಗಾಲು.
ಮೆಟ್ಟಿಲಿಳಿದು ಅವನು ಬರುವ ಮೊದಲೇ
ಮೊಣಕಾಲ ಸದ್ದು ಇಳಿದು ಬರುತ್ತಿತ್ತು,
ಒಣಕಡ್ಡಿ ಲಟಕ್ಕೆಂದ ಹಾಗೆ.

ಒಂದು ಜುಲೈ ರಾತ್ರಿ ಡೆಟ್ರಾಯಿಟ್‌ನಲ್ಲಿ
ಯಾರದೋ ಹೆಬ್ಬೆರಳು ಮುರಿಯಿತು. ಇವನಿಗೆ ಕರೆ ಬಂತು.
ಒಂದು ಗಂಟೆಯ ದಾರಿ ಅದು,
ಅವನಿಗೆ ಒಂಬತ್ತು ವರ್ಷ ಹಿಡಿದಿತ್ತು.
ಹೆಬ್ಬೆರಳು ಕೂಡಿಕೊಳ್ಳಲು ಹದಿನಾರು ದಿನ ಸಾಕಾಯಿತು.

ತಿರುಗಿ ಬಂದವನು ಸ್ಟೂಲೆಳೆದು ಕೂತು
ಸೂರ್ಯಕಾಂತಿ ಬೀಜ ಬಿಡಿಸುತ್ತ ಹೇಳಿದ:
ಐದು ಸಲ ಬ್ಯಾಟ್ ಹಿಡಿದದ್ದು; ಒಂದೇ ಒಂದು ಚೆಂಡು
ಹುಲ್ಲಲ್ಲಿ ಉರುಳಿ, ಎಲ್ಲೋ ಪುಟಿದು, ಅವರ ಕೈತಪ್ಪಿದ್ದು;
ಇವನ ಹೊಡೆತವೋ ಅವರ ತಪ್ಪೋ ಎಂದು
ಲೆಕ್ಕ ಬರೆಯುವಾತ ಒಂದು ನಿಮಿಷ ಪೆನ್ನು ಎತ್ತಿ ಹಿಡಿದದ್ದು.
ತಪ್ಪು ಎಂದೇ ಬರೆದನಂತೆ.
"ಆ ಒಂದು ನಿಮಿಷ ಚೆನ್ನಾಗಿತ್ತು, ವರ್ನಾ."
ಅಲ್ಲಿನ ಅಂಗಿಯಲ್ಲಿ ಒಂದು ಜೆಡ್ ಬಿಟ್ಟುಹೋಗಿತ್ತಂತೆ.
ಹೇಳಬಾರದಿತ್ತೇ ಎಂದೆ.
"ಹೊಲಿಯುವಷ್ಟರಲ್ಲಿ ವಾಪಸ್ ಕಳಿಸಿಬಿಟ್ಟರೆ?"

ಆಮೇಲೆ ಅವನ ಕಾಲಿಗೆ ಚಕ್ರ.
ಟಕೋಮಾ. ಒಮಾಹ. ಒಂದು ಬೇಸಿಗೆ ಎರಡು ಊರು.
ಒಮ್ಮೆ ಅವನನ್ನು ಕೊಟ್ಟು ಒಬ್ಬ ಎಡಗೈ ಪಿಚರನನ್ನು ತಂದರು,
ಆ ಪಿಚರ್ ಮಾರನೇ ವಾರವೇ ಮನೆಗೆ ಹೋದ.
ಹೆಂಡತಿ ಮರ್ಲಾ ಬಾಡಿಗೆ ಗೋಡೆಗಳಿಗೆ
ಮೊಳೆ ಹೊಡೆಯುವುದನ್ನೇ ಬಿಟ್ಟಳು;
ಮದುವೆಯ ಫೋಟೋ ಟವಲಿನಲ್ಲಿ ಸುತ್ತಿಕೊಂಡೇ
ಕಾರಿನ ಡಿಕ್ಕಿಯಲ್ಲಿ ದೇಶ ನೋಡಿತು.
ಚಳಿಗಾಲ ಮೆಕ್ಸಿಕೊದ ಎರ್ಮೊಸಿಯೊದಲ್ಲಿ.
ಅಲ್ಲಿಂದ ನನಗೊಂದು ಕಾರ್ಡು:
"ಇಲ್ಲಿ ಹೆಸರು ಹೊಲಿಯುವುದಿಲ್ಲ, ನಂಬರು ಮಾತ್ರ. ಬೆನ್ನು ಹಗುರ."

ಮೂರನೇ ಸಲ ಬಂದಾಗ ಮೂವತ್ತಾರು.
ಚೆಂಡು ಹಿಡಿಯುವುದಕ್ಕಿಂತ ಹೆಚ್ಚಾಗಿ
ಹತ್ತೊಂಬತ್ತರ ಹುಡುಗರನ್ನು ಹಿಡಿದಿಡುವುದಕ್ಕೆ ಕರೆಸಿದ್ದರು.
ರನ್ ಕೊಟ್ಟು ಕೊಟ್ಟು ಕಣ್ಣು ತುಂಬಿಕೊಂಡವನ ಹತ್ತಿರ ಹೋಗಿ
ಮುಖಕ್ಕೆ ಕೈಗವಸು ಅಡ್ಡ ಹಿಡಿದು ಏನೋ ಹೇಳುತ್ತಿದ್ದನಂತೆ,
ಹುಡುಗ ನಕ್ಕುಬಿಡುತ್ತಿದ್ದನಂತೆ.
ಏನೆನ್ನುತ್ತೀ ಎಂದು ಕೇಳಿದೆ.
"ರಾತ್ರಿ ಊಟಕ್ಕೇನು ಅಂತ."

ಆಗಸ್ಟಿನಲ್ಲಿ ಬಿಟ್ಟುಕೊಟ್ಟರು.
ಕಾಗದ ಕೈಯಲ್ಲೇ ಹಿಡಿದು ಕೆಳಗೆ ಬಂದ.
ಹೊಲಿಯಲು ನಲವತ್ತು ನಿಮಿಷ, ಬಿಚ್ಚಲು ಏಳು.
ಬೀಜದ ಸಿಪ್ಪೆಯನ್ನು ಅಂಗೈಯಲ್ಲೇ ಗುಡ್ಡೆ ಹಾಕಿಕೊಂಡು
ನನ್ನ ಕತ್ತರಿಯ ತುದಿಯನ್ನೇ ನೋಡುತ್ತ ಕೂತಿದ್ದ.
ಅಕ್ಷರ ಒಯ್ಯುತ್ತೀಯಾ ಎಂದೆ.
ಒಂಬತ್ತನ್ನು ಎಣಿಸಿ ಜೇಬಿಗೆ ಹಾಕಿಕೊಂಡ.
"ಜೆಡ್ ನಿನ್ನವು. ಯಾರಾದರೂ ಬಂದಾರು."
ಸಿಪ್ಪೆ ಎಲ್ಲಿ ಹಾಕಲಿ ಎಂದು ಕೇಳಿದ. ತೋರಿಸಿದೆ.
ಆಮೇಲೆ ಮೆಟ್ಟಿಲ ಮೇಲೆ ಕಡ್ಡಿ ಮುರಿಯುವ ಸದ್ದು,
ಈ ಸಲ ಕೆಳಗಿನಿಂದ ಮೇಲಕ್ಕೆ.

ಈ ಏಪ್ರಿಲ್‌ನಲ್ಲಿ ಪನಾಮಾದಿಂದ ಒಬ್ಬ ಬಂದಿದ್ದಾನೆ,
ಜುಲೇಟಾ. ಇನ್ನೂ ಮೀಸೆ ಚಿಗುರುತ್ತಿದೆ.
ಡಬ್ಬಿಯ ತಳದಿಂದ ಒಂದನ್ನು ತೆಗೆದೆ.
ಅಂಚಿನಲ್ಲಿ ಹಳೇ ದಾರದ ತುಣುಕು. ಕೀಳಲಿಲ್ಲ.
ಹುಡುಗ ಅಂಗಿಯನ್ನು ದೀಪಕ್ಕೆ ಹಿಡಿದು, ಹುಬ್ಬು ಗಂಟಿಕ್ಕಿ,
"ಅಮ್ಮಾ, ಇದು ಎನ್ ಅಲ್ಲವೇ?" ಎಂದ.

ಎದ್ದು ನಿಂತರೆ ಹೌದು, ಎಂದೆ.